ಮೊದಲು ನೀರಿಳಿಸಿ, ಆಮೇಲೆ ಚೀಸ್‌ಕೇಕ್

ಬೇಯಿಸದ ಚೀಸ್‌ಕೇಕ್ ಕೆಡುವುದು ಬಹುಪಾಲು ನೀರಿನಿಂದ. ಓವನ್ನಿನಲ್ಲಿ ಬೇಯುವುದಕ್ಕೆ ಮೊಟ್ಟೆಯ ಆಸರೆ ಇರುತ್ತದೆ. ಕಾವಿಗೆ ಮೊಟ್ಟೆ ಗಟ್ಟಿಯಾಗಿ ಚೀಸನ್ನು ಹಿಡಿದು ನಿಲ್ಲಿಸುತ್ತದೆ. ಫ್ರಿಜ್ಜಿನಲ್ಲಿ ಕೂರಿಸುವುದಕ್ಕೆ ಆ ಭಾಗ್ಯವಿಲ್ಲ. ತಂಪಿಗೆ ಬಿಗಿಯುವ ಕೊಬ್ಬು, ಒಂದಿಷ್ಟು ಜೆಲಾಟಿನ್ನೋ ಅಗರ್ ಅಗರೋ, ಇಷ್ಟರ ಬಲದಲ್ಲೇ ಅದು ನಿಲ್ಲಬೇಕು. ಅದರ ಮೇಲೆ ಮಾವಿನ ರಸವನ್ನೂ ಧಾರಾಳವಾಗಿ ಸುರಿದರೆ ತಟ್ಟೆಗೆ ಬರುವುದು ಕೇಕಲ್ಲ, ಸೀಕರಣೆ.

ಈ ಕೇಕಿಗೆ ಸಾಮಾನ್ಯವಾಗಿ ಹಾಕುವ ಚೀಸ್ ಎಂದರೆ ಕ್ರೀಮ್ ಚೀಸ್. ನ್ಯೂಯಾರ್ಕ್ ರಾಜ್ಯದ ಚೆಸ್ಟರ್‌ನ ವಿಲಿಯಂ ಲಾರೆನ್ಸ್ 1870ರ ದಶಕದಲ್ಲಿ ಕ್ರೀಮ್ ಚೀಸ್ ತಯಾರಿಸಿ ಮಾರತೊಡಗಿದ. 1880ರಲ್ಲಿ ಅದಕ್ಕೆ ಫಿಲಡೆಲ್ಫಿಯಾ ಎಂಬ ಹೆಸರು ಬಂತು. ಚೀಸ್ ಆ ಊರಿನದಲ್ಲ. ಹಾಲು, ಬೆಣ್ಣೆಗೆ ಆ ಊರಿಗಿದ್ದ ಹೆಸರನ್ನು ಬಳಸಿಕೊಂಡರು, ಅಷ್ಟೆ. ಅಮೆರಿಕದ ನಿಯಮದಂತೆ ಕ್ರೀಮ್ ಚೀಸ್‌ನಲ್ಲಿ ಕೊಬ್ಬು ಶೇ 33ಕ್ಕೆ ಕಡಿಮೆ ಇರಕೂಡದು, ತೇವ ಶೇ 55 ದಾಟಕೂಡದು. ಮನೆಯಲ್ಲಿ ಬದಲಿ ಹುಡುಕುವವರು ನೆನಪಿಡಬೇಕಾದದ್ದು ಈ ಎರಡು ಅಂಕಿ.

ನನ್ನ ಬದಲಿ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು. ಬೆಳಗಾವಿ, ಧಾರವಾಡದ ಕಡೆ ಶ್ರೀಖಂಡ ಮಾಡುವ ಮನೆಗಳಲ್ಲಿ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಶೇ 6 ಕೊಬ್ಬಿನ ಗಟ್ಟಿ ಹಾಲಿಗೇ ಹೆಪ್ಪು ಹಾಕಿ. ಗಂಟನ್ನು ರಾತ್ರಿಯಿಡೀ ಫ್ರಿಜ್ಜಿನೊಳಗೇ ತೂಗುಹಾಕಿ. ಹೊರಗಿಟ್ಟರೆ ಹುಳಿ ಏರುತ್ತದೆ. ಒಂದು ಕಿಲೋ ಮೊಸರು ಬೆಳಗ್ಗೆ ಅರ್ಧಕ್ಕಿಂತ ಕಡಿಮೆಯಾದರೆ ಹೊಟ್ಟೆ ಉರಿಸಿಕೊಳ್ಳಬೇಡಿ, ಅದೇ ಸರಿ. ಕೊಬ್ಬಿನ ಕೊರತೆ ತುಂಬಲು ಬುರುಗೆಬ್ಬಿಸಿದ ಕ್ರೀಮ್ ಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಶೇ 25 ಕೊಬ್ಬಿನ ಡಬ್ಬಿ ಕ್ರೀಮನ್ನು ಎಷ್ಟು ಕಡೆದರೂ ಗಟ್ಟಿ ನಿಲ್ಲುವುದಿಲ್ಲ. ಶೇ 30ಕ್ಕೆ ಮೇಲ್ಪಟ್ಟದ್ದನ್ನು ತನ್ನಿ, ಪಾತ್ರೆಯನ್ನೂ ತಣ್ಣಗಿಡಿ.

ಇನ್ನು ಹಿಡಿದಿಡುವ ವಸ್ತು. ಬಾಯಲ್ಲಿ ಕರಗುವ ಸುಖ ಜೆಲಾಟಿನ್‌ನದು, ನಿಜ. ಸುಮಾರು 35 ಡಿಗ್ರಿಗೆ ಅದು ಕರಗುತ್ತದೆ. ಆದರೆ ರಾಯಚೂರು, ಕಲಬುರಗಿಯ ಬೇಸಿಗೆಗೆ ಬಾಯಿಯೇ ಬೇಕಿಲ್ಲ, ತಟ್ಟೆಯಲ್ಲೇ ಕರಗೀತು. ಮೇಲಾಗಿ ಅದು ಪ್ರಾಣಿಗಳ ಮೂಳೆ, ಚರ್ಮದಿಂದ ಬಂದದ್ದು. ಬಡಿಸುವ ಮುನ್ನ ಅತಿಥಿಗಳಿಗೆ ಹೇಳಲೇಬೇಕು. ಅಗರ್ ಅಗರ್ ಕಡಲಪಾಚಿಯದು, ಗಟ್ಟಿಯಾದ ಮೇಲೆ ಸುಮಾರು 85 ಡಿಗ್ರಿವರೆಗೂ ಜಗ್ಗದು. 1880ರ ದಶಕದ ಆರಂಭದಲ್ಲಿ ಬರ್ಲಿನ್ನಿನ ರಾಬರ್ಟ್ ಕಾಖ್ ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿ ಬೆಳೆಸುವ ಜೆಲಾಟಿನ್ ಕರಗಿಹೋಗುತ್ತಿದ್ದಾಗ, ಅಗರ್ ಬಳಸಿ ಎಂದು ಸೂಚಿಸಿದವರು ಅಡುಗೆಮನೆಯಲ್ಲಿ ಅದನ್ನು ಬಲ್ಲ ಫ್ಯಾನಿ ಹೆಸ್ಸೆ.

ಹಸಿ ಅನಾನಸ್, ಪಪ್ಪಾಯಿ, ಕಿವಿ ಹಣ್ಣುಗಳಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ. ಜೆಲಾಟಿನ್ನೂ ಪ್ರೋಟೀನೇ ಆದ್ದರಿಂದ ಅದು ಹೆಪ್ಪುಗಟ್ಟುವುದೇ ಇಲ್ಲ. ಅಗರ್ ಹಾಕಿದರೆ ನಿಲ್ಲುತ್ತದೆ. ಆದರೆ ಅನಾನಸ್ ಹಾಲಿನ ಪ್ರೋಟೀನಿನ ಮೇಲೆ ಬಿದ್ದು ಕೆಲವು ಗಂಟೆಗಳಲ್ಲಿ ಕಹಿ ಮಾಡುತ್ತದೆ. ಸಕ್ಕರೆ ಹಾಕಿ ಕೆಲವು ನಿಮಿಷ ಕುದಿಸಿಬಿಟ್ಟರೆ ಕಿಣ್ವ ಸಾಯುತ್ತದೆ. ಡಬ್ಬಿಯ ಅನಾನಸ್ ಆಗಲೇ ಬೆಂದಿರುವುದರಿಂದ ತೊಂದರೆಯಿಲ್ಲ.

ಮಾವಿನಲ್ಲಿ ನನ್ನ ಓಟು ಬಾದಾಮಿಗೆ: ನಾರಿಲ್ಲ, ನೀರೂ ಕಡಿಮೆ. ರಸಪುರಿಯನ್ನು ಹೋಳಿಗೆಯ ಜೊತೆಗೆ ಉಳಿಸಿಕೊಳ್ಳಿ.

ಏಳು ಇಂಚಿನ, ತಳ ಬಿಚ್ಚುವ ಟಿನ್ನಿಗೆ 150 ಗ್ರಾಂ ಮಾರಿ ಬಿಸ್ಕತ್ತಿನ ಪುಡಿ, 75 ಗ್ರಾಂ ಕರಗಿಸಿದ ಬೆಣ್ಣೆ ಕಲಸಿ ಒತ್ತಿ, ಫ್ರಿಜ್ಜಿಗಿಡಿ. 400 ಗ್ರಾಂ ನೀರಿಳಿಸಿದ ಮೊಸರಿಗೆ 80 ಗ್ರಾಂ ಸಕ್ಕರೆ ಪುಡಿ. 4 ಗ್ರಾಂ ಅಗರ್ ಪುಡಿಯನ್ನು ಅರ್ಧ ಬಟ್ಟಲು ನೀರಿನಲ್ಲಿ ಮೂರು ನಿಮಿಷ ಕುದಿಸಿ, ಬಿಸಿ ಮಾಡಿದ ಒಂದು ಬಟ್ಟಲು ಮಾವಿನ ತಿರುಳಿಗೆ ಬೆರೆಸಿ. ಮೊಸರು ಫ್ರಿಜ್ಜಿನ ತಣುಪಿನಲ್ಲಿದ್ದರೆ ಅಗರ್ ಅಲ್ಲೇ ಗಂಟುಕಟ್ಟುತ್ತದೆ, ಮೊದಲೇ ಹೊರಗಿಟ್ಟಿರಿ. ಎರಡನ್ನೂ ಬೇಗಬೇಗ ಕಲಸಿ, ಕಡೆಯಲ್ಲಿ 200 ಮಿಲಿ ಕ್ರೀಮನ್ನು ಕಡೆದು ಮೆಲ್ಲಗೆ ಸೇರಿಸಿ, ಟಿನ್ನಿಗೆ ಸುರಿಯಿರಿ. ಆರು ಗಂಟೆ ಮುಟ್ಟಬೇಡಿ. ಹೋಳುಗಳನ್ನು ಬಡಿಸುವಾಗಲೇ ಹೆಚ್ಚಿ ಹಾಕಿ, ಇಲ್ಲವಾದರೆ ರಸ ಬಿಡುತ್ತವೆ. ಉಳಿದದ್ದನ್ನು ಫ್ರೀಜರಿಗೆ ತಳ್ಳಬೇಡಿ. ಅಗರ್ ಹಾಕಿದ ಚೀಸ್‌ಕೇಕ್ ಕರಗುವಾಗ ನೀರೊಡೆಯುತ್ತದೆ.