ಎರಕದ ಗಾಜು: ಲಹರಿ, ಶ್ರಮ ಮತ್ತು ಕರ್ತೃತ್ವ

ಸ್ಟುಡಿಯೋ ಗಾಜುಕಲೆಯ ಚರಿತ್ರೆಯನ್ನು ಸಾಮಾನ್ಯವಾಗಿ 1962ರಿಂದ ಆರಂಭಿಸುವುದು ವಾಡಿಕೆ. ಆ ವರ್ಷ ಅಮೆರಿಕದ ಟೊಲೆಡೊ ಕಲಾ ವಸ್ತುಸಂಗ್ರಹಾಲಯದಲ್ಲಿ ಹಾರ್ವೆ ಲಿಟಲ್ಟನ್ ನಡೆಸಿದ ಎರಡು ಕಮ್ಮಟಗಳು, ಕಲಾವಿದನು ಕಾರ್ಖಾನೆಯ ಹಂಗಿಲ್ಲದೆ ಸಣ್ಣ ಕುಲುಮೆಯಲ್ಲಿ ತಾನೇ ಗಾಜನ್ನು ಕರಗಿಸಿ ರೂಪಿಸಬಹುದೆಂದು ತೋರಿಸಿಕೊಟ್ಟವು. ಈ ಚರಿತ್ರೆ ಸುಳ್ಳಲ್ಲ. ಆದರೆ ಅದು ಒಂಟಿ ಕಲಾವಿದನನ್ನೇ ಅಳತೆಗೋಲಾಗಿಸಿಕೊಂಡಿದೆ. ಜಾನಪದದ ಅಭ್ಯಾಸಿಗೆ ಈ ಅಳತೆಗೋಲು ಸಾಲದು.

ಏಕೆಂದರೆ ಲಹರಿ ಕಾರ್ಖಾನೆಯೊಳಗೂ ಇತ್ತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಗಾಜಿನ ಕೆಲಸಗಾರರು ಬಿಡುವಿನ ವೇಳೆಯಲ್ಲಿ, ಉಳಿದ ಗಾಜಿನಿಂದ ಊರುಗೋಲು, ಟೋಪಿ, ಹಂದಿ ಮೊದಲಾದವುಗಳನ್ನು ಮಾಡುತ್ತಿದ್ದರು. ಇವುಗಳನ್ನು ‘ಫ್ರಿಗರ್’ ಎಂದು ಕರೆಯಲಾಗುತ್ತಿತ್ತು. ಊರಲಾಗದ ಊರುಗೋಲು, ತೊಡಲಾಗದ ಟೋಪಿ! ಉಪಯುಕ್ತತೆಯನ್ನೇ ಅಣಕಿಸುವ ಈ ವಿನೋದ ದುಡಿಮೆಗಾರರ ಸ್ವಂತದ್ದು. ಅವರ ಹೆಸರುಗಳು ಮಾತ್ರ ಬಹುಪಾಲು ಉಳಿದಿಲ್ಲ.

ಊದುವ ಗಾಜಿಗಿಂತ ಎರಕದ ಗಾಜು ಈ ಪ್ರಶ್ನೆಯನ್ನು ಇನ್ನಷ್ಟು ತೀವ್ರಗೊಳಿಸುತ್ತದೆ. ಚೆಕ್ ನಾಡಿನ ಝೆಲೆಜ್ನಿ ಬ್ರೋಡ್ ಪಟ್ಟಣದ ಗಾಜುಶಾಲೆಯಲ್ಲಿ ಶಿಕ್ಷಕರಾಗಿದ್ದ ಯಾರೋಸ್ಲಾವ್ ಬ್ರಿಖ್ತಾ ಪುಟ್ಟ ವಿನೋದದ ಗಾಜಿನ ಬೊಂಬೆಗಳಿಗೆ ಹೆಸರಾಗಿದ್ದರು. ಅವರ ಮಗಳು ಯಾರೋಸ್ಲಾವಾ ಬ್ರಿಖ್ತೋವಾ (1924–2020) ಪತಿ ಸ್ಟಾನಿಸ್ಲಾವ್ ಲಿಬೆನ್ಸ್ಕಿ (1921–2002) ಅವರೊಡನೆ ಎರಕದ ಗಾಜನ್ನು ಶಿಲ್ಪಮಾಧ್ಯಮವಾಗಿ ಬೆಳೆಸಿದರು. ಪತಿ ಚಿತ್ರ ಬರೆದರೆ ಪತ್ನಿ ಅದನ್ನು ಜೇಡಿಮಣ್ಣಿನಲ್ಲಿ ಮೂಡಿಸುತ್ತಿದ್ದರು. ಆ ಮಾದರಿಯಿಂದ ಅಚ್ಚು ತೆಗೆದು, ಕುಲುಮೆಯಲ್ಲಿ ಗಾಜು ಕರಗಿ ಅಚ್ಚನ್ನು ತುಂಬುವಂತೆ ಮಾಡಲಾಗುತ್ತಿತ್ತು. ಅವಸರದಲ್ಲಿ ತಣಿಸಿದರೆ ಗಾಜು ಬಿರಿಯುತ್ತದೆ. ದೊಡ್ಡ ಶಿಲ್ಪಕ್ಕೆ ವಾರಗಳೇ ಬೇಕು. ಒಂದೇ ಬಣ್ಣದ ಗಾಜು ತೆಳುವಾದಲ್ಲಿ ಬೆಳಗುತ್ತದೆ, ದಪ್ಪವಾದಲ್ಲಿ ಕಪ್ಪಿಡುತ್ತದೆ. 1958ರ ಬ್ರಸೆಲ್ಸ್ ವಿಶ್ವಮೇಳಕ್ಕೆ ಅವರು ರಚಿಸಿದ ಪ್ರಾಣಿರೂಪದ ಗಾಜಿನ ಶಿಲೆಗಳಲ್ಲಿ, ತಂದೆಯ ಬೊಂಬೆಗಳ ಲಹರಿ ಗುಹಾಚಿತ್ರದ ಗಾಂಭೀರ್ಯವನ್ನು ಪಡೆದಂತೆ ತೋರುತ್ತದೆ. ಟೊಲೆಡೊ ಕಮ್ಮಟಗಳಿಗೆ ಇನ್ನೂ ನಾಲ್ಕು ವರ್ಷಗಳಿದ್ದವು ಎಂಬುದು ಗಮನಾರ್ಹ.

ಈ ದಂಪತಿಗಳ ಕೃತಿಗಳು ಇಬ್ಬರ ಹೆಸರಿನಲ್ಲೂ ನಿಂತಿರುವುದು ದೊಡ್ಡ ಮಾತು. ಆದರೂ ಅಚ್ಚು ಮಾಡಿದವರು, ಕುಲುಮೆ ಕಾದವರು, ಒಪ್ಪ ಹಾಕಿದವರು ಆ ಹೆಸರುಗಳ ಹಿಂದೆಯೇ ಉಳಿದುಬಿಡುತ್ತಾರೆ. ಇದನ್ನು ಟೀಕಿಸುವಾಗ ಜಾನಪದ ವಿದ್ವಾಂಸರಾದ ನಮಗೂ ಸಂಕೋಚವಿರಬೇಕು. ಹಾಡಿದವರ ಹೆಸರನ್ನು ಬಿಟ್ಟು ಹಾಡನ್ನು ಮಾತ್ರ ಅಚ್ಚು ಹಾಕಿಸಿ, ಮುಖಪುಟದಲ್ಲಿ ಸಂಪಾದಕರ ಹೆಸರು ಮೆರೆಸಿದ ಸಂಕಲನಗಳು ನಮ್ಮಲ್ಲೂ ಇವೆ. ಆದ್ದರಿಂದ ಗಾಜಿನ ಶಿಲ್ಪವನ್ನು ನೋಡುವಾಗ ‘ಇದು ಯಾರದು’ ಎಂಬ ಪ್ರಶ್ನೆಯೊಡನೆ ‘ಇದರಲ್ಲಿ ಯಾರ ಯಾರ ಕೈಗಳಿವೆ’ ಎಂಬ ಪ್ರಶ್ನೆಯನ್ನೂ ಕೇಳುವುದು ಅವಶ್ಯ.