ಕ್ರೈಸಿಸ್‌ನ ಕಾಡು ಮತ್ತು ಸೆಟ್ಟಿಂಗ್ಸ್‌ನ ವಿವೇಕ

ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿರುವ ಕ್ರೈಟೆಕ್ ಸಂಸ್ಥೆ ನಿರ್ಮಿಸಿ, ಎಲೆಕ್ಟ್ರಾನಿಕ್ ಆರ್ಟ್ಸ್ 2007ರ ನವೆಂಬರ್‌ನಲ್ಲಿ ಹೊರತಂದ ‘ಕ್ರೈಸಿಸ್’ ಎಂಬ ಪಿಸಿ ಗೇಮ್, ಆ ಕಾಲದ ಅತಿ ದುಬಾರಿ ಯಂತ್ರಗಳಲ್ಲಿಯೂ ತನ್ನ ಅತ್ಯುನ್ನತ ರೂಪದಲ್ಲಿ ಸರಾಗವಾಗಿ ಓಡುತ್ತಿರಲಿಲ್ಲ. ಯಾವುದೇ ಹೊಸ ಕಂಪ್ಯೂಟರಿನ ಶಕ್ತಿಯನ್ನು ಅಳೆಯುವಾಗ ‘ಇದರಲ್ಲಿ ಕ್ರೈಸಿಸ್ ಓಡುತ್ತದೆಯೇ’ ಎಂದು ಕೇಳುವ ರೂಢಿ ಬಹಳ ವರ್ಷಗಳ ಕಾಲ ಉಳಿದುಕೊಂಡಿತು. ಆದರೆ ಈ ಗೇಮನ್ನು ನಿಜವಾಗಿ ಆಡಿದ ಬಹುಪಾಲು ಜನ ಅದನ್ನು ನೋಡಿದ್ದು ಪೂರ್ಣ ವೈಭವದಲ್ಲಿ ಅಲ್ಲ, ತಮ್ಮ ತಮ್ಮ ಯಂತ್ರಕ್ಕೆ ತಕ್ಕಂತೆ ಅಲ್ಲಲ್ಲಿ ಇಳಿಸಿಕೊಂಡ ರೂಪದಲ್ಲಿ. ಹಾಗೆ ಇಳಿಸಿಕೊಳ್ಳುವ ಕೆಲಸವನ್ನು ಕೇವಲ ತಾಂತ್ರಿಕ ಹೊಂದಾಣಿಕೆ ಎಂದು ಬಗೆಯುವುದು ವಾಡಿಕೆಯಾಗಿದ್ದರೂ, ಕ್ರೈಸಿಸ್‌ನ ಮಟ್ಟಿಗೆ ಅದು ಕೃತಿಯಲ್ಲಿ ಯಾವುದು ಮುಖ್ಯ, ಯಾವುದನ್ನು ಬಿಟ್ಟರೂ ಕೃತಿ ಉಳಿಯುತ್ತದೆ ಎಂಬ ವಿವೇಚನೆಯನ್ನು ಬೇಡುವ ಕೆಲಸವಾಗಿದೆ.

ಗೇಮಿನ ಸೆಟ್ಟಿಂಗ್ಸ್ ಪುಟದಲ್ಲಿ ಟೆಕ್ಸ್ಚರ್, ವಸ್ತುಗಳು, ನೆರಳು, ಭೌತಿಕ ಚಲನೆ, ಶೇಡರ್, ಮಂಜು ಮತ್ತು ಮೋಡ, ಕಣಗಳು, ನೀರು, ಪೋಸ್ಟ್-ಪ್ರೊಸೆಸಿಂಗ್ ಮುಂತಾದ ಹಲವು ಬಾಬತ್ತುಗಳಿದ್ದು, ಪ್ರತಿಯೊಂದನ್ನೂ ಲೋ, ಮೀಡಿಯಂ, ಹೈ, ವೆರಿ ಹೈ ಎಂಬ ನಾಲ್ಕು ಮಟ್ಟಗಳಲ್ಲಿ ಪ್ರತ್ಯೇಕವಾಗಿ ಹೊಂದಿಸಬಹುದು. ಇಷ್ಟು ಸ್ವಾತಂತ್ರ್ಯ ಕೊಟ್ಟದ್ದು ಕ್ರೈಟೆಕ್‌ನ ಔದಾರ್ಯವೇ ಸರಿ; ಆದರೆ ಯಾವ ಆಯ್ಕೆ ಯಂತ್ರದ ಯಾವ ಭಾಗದ ಮೇಲೆ ಹೊರೆ ಹಾಕುತ್ತದೆ ಎಂಬುದನ್ನಾಗಲಿ, ಒಂದನ್ನು ಇಳಿಸಿದರೆ ಆಟದಲ್ಲಿ ಏನು ಕಳೆದುಹೋಗುತ್ತದೆ ಎಂಬುದನ್ನಾಗಲಿ ಆ ಪುಟ ತಿಳಿಸುವುದಿಲ್ಲ. ಹಾಗಾಗಿ ಆಟಗಾರರು ಸಾಮಾನ್ಯವಾಗಿ ಎಲ್ಲವನ್ನೂ ಒಂದೇ ಸಮನೆ ಮೀಡಿಯಂಗೋ ಲೋಗೋ ಇಳಿಸಿ, ಪರದೆಯ ಮೂಲೆಯಲ್ಲಿ ಕಾಣುವ ಫ್ರೇಮ್ ದರದ ಅಂಕಿ ಏರಿತೆಂದು ಸಮಾಧಾನಪಡುತ್ತಾರೆ. ಈ ಪದ್ಧತಿಯ ದೋಷವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗಿದೆ.

ಫ್ರೇಮ್ ದರವೆಂದರೆ ಒಂದು ಸೆಕೆಂಡಿನಲ್ಲಿ ಯಂತ್ರವು ಎಷ್ಟು ಚಿತ್ರಗಳನ್ನು ಹೊಸದಾಗಿ ಬರೆದು ಪರದೆಗೆ ಕಳುಹಿಸುತ್ತದೆ ಎಂಬ ಎಣಿಕೆ. ಆದರೆ ಯಂತ್ರದ ನಿಜವಾದ ದುಡಿಮೆಯನ್ನು ತೋರಿಸುವುದು ಆ ಎಣಿಕೆಯಲ್ಲ, ಒಂದೊಂದು ಚಿತ್ರಕ್ಕೆ ತಗಲುವ ಕಾಲ. ಸೆಕೆಂಡಿಗೆ 20 ಚಿತ್ರಗಳಿದ್ದಲ್ಲಿ ಒಂದಕ್ಕೆ 50 ಮಿಲಿಸೆಕೆಂಡ್ ಬೇಕು, 25 ಆದಾಗ 40 ಸಾಕು. ಅಂದರೆ ಇಲ್ಲಿ ಐದು ಚಿತ್ರಗಳ ಏರಿಕೆ 10 ಮಿಲಿಸೆಕೆಂಡಿನ ಉಳಿತಾಯ. ಅದೇ ಐದು ಚಿತ್ರಗಳ ಏರಿಕೆ 50ರಿಂದ 55ಕ್ಕೆ ಆದಾಗ ಉಳಿಯುವುದು ಎರಡು ಮಿಲಿಸೆಕೆಂಡಿಗೂ ಕಡಿಮೆ. ಯಂತ್ರ ತೀರಾ ಹಳೆಯದಾಗಿ ಗೇಮ್ ಕುಂಟುತ್ತಿರುವಾಗ ಮಾಡುವ ತ್ಯಾಗಕ್ಕೆ ಬೆಲೆಯಿದೆ. ಆಗಲೇ ಸರಾಗವಾಗಿ ಓಡುತ್ತಿರುವಾಗ ಅಂಕಿಯ ಆಸೆಗಾಗಿ ನೆರಳನ್ನೋ ಎಲೆಯನ್ನೋ ಕಿತ್ತುಹಾಕುವುದು ನಷ್ಟದ ವ್ಯಾಪಾರ. ಈ ವ್ಯತ್ಯಾಸವನ್ನು ಗಮನಿಸದ ಸಲಹೆಗಳೇ ಹೆಚ್ಚು.

ಕ್ರೈಸಿಸ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನ ಮೇಲೆ ಅತಿ ದೊಡ್ಡ ಹೊರೆ ಹಾಕುವುದು ಶೇಡರ್ ಗುಣಮಟ್ಟ. ಶೇಡರ್ ಎಂದರೆ ಪ್ರತಿ ಮೇಲ್ಮೈಯ ಮೇಲೆ ಬೆಳಕು ಹೇಗೆ ಬೀಳಬೇಕು, ಹೊಳೆಯಬೇಕು, ಇಂಗಬೇಕು ಎಂಬುದನ್ನು ಬಿಂದು ಬಿಂದುವಿಗೂ ಲೆಕ್ಕಹಾಕುವ ಸಣ್ಣ ಪ್ರೋಗ್ರಾಂ. ವಸ್ತುಗಳು ಒಂದಕ್ಕೊಂದು ತಾಗುವ ಸಂದುಗೊಂದುಗಳಲ್ಲಿ ಬೆಳಕು ಮಂಕಾಗುವುದನ್ನು ಪರದೆಯ ಆಳದ ಮಾಹಿತಿಯಿಂದಲೇ ಅಂದಾಜು ಮಾಡುವ, ಎಸ್‌ಎಸ್‌ಎಒ ಎಂದು ಕರೆಯಲಾಗುವ ತಂತ್ರವನ್ನು ಗೇಮ್ ಲೋಕಕ್ಕೆ ಪರಿಚಯಿಸಿದ್ದು ಈ ಕೃತಿಯೇ. ಕ್ರೈಟೆಕ್‌ನ ವ್ಲಾದಿಮಿರ್ ಕಯಾಲಿನ್ ರೂಪಿಸಿದ ಆ ತಂತ್ರ ಆನಂತರ ಹೆಚ್ಚುಕಡಿಮೆ ಪ್ರತಿ ದೊಡ್ಡ ಗೇಮಿನ ಭಾಗವಾಯಿತು. ಶೇಡರ್ ಗುಣಮಟ್ಟವನ್ನು ಹೈನಿಂದ ಮೀಡಿಯಂಗೆ ಇಳಿಸಿದಾಗ ಫ್ರೇಮ್ ದರ ಗಣನೀಯವಾಗಿ ಏರುತ್ತದೆಯಾದರೂ, ಬಂಡೆ, ಮಣ್ಣು, ಎಲೆ ಎಲ್ಲವೂ ಚಪ್ಪಟೆಯಾಗಿ, ಬೇರೆಯದೇ ಗೇಮ್ ಎನ್ನುವಷ್ಟು ಚಿತ್ರ ಬದಲಾಗುತ್ತದೆ. ಹೀಗಾಗಿ ಉಳಿದೆಲ್ಲ ದಾರಿಗಳು ಮುಗಿದ ಮೇಲೆ ಮಾತ್ರ ಮುಟ್ಟಬೇಕಾದ ಆಯ್ಕೆ ಇದು. ಟೆಕ್ಸ್ಚರ್‌ಗಳ ವಿಷಯ ಇದಕ್ಕೆ ತದ್ವಿರುದ್ಧ: ಮೇಲ್ಮೈಗಳಿಗೆ ಹೊದಿಸುವ ಈ ಚಿತ್ರಗಳು ಕಾರ್ಡಿನ ಸ್ವಂತ ಮೆಮೊರಿಯಲ್ಲಿ ಹಿಡಿಸುವವರೆಗೆ ವೇಗಕ್ಕೆ ಹೆಚ್ಚೇನೂ ಅಡ್ಡಿಯಾಗುವುದಿಲ್ಲ, ಹಿಡಿಸದಾದೊಡನೆ ಗೇಮ್ ತಡೆತಡೆದು ಓಡತೊಡಗುತ್ತದೆ. 256 ಮೆಗಾಬೈಟ್ ಮೆಮೊರಿಯ ಕಾರ್ಡುಗಳ ಕಾಲದಲ್ಲಿ ಹುಟ್ಟಿದ ‘ಮೊದಲು ಟೆಕ್ಸ್ಚರ್ ಇಳಿಸಿ’ ಎಂಬ ಉಪದೇಶವನ್ನು ಎರಡು ಗಿಗಾಬೈಟ್ ಇರುವ ಯಂತ್ರದವರೂ ಪಾಲಿಸುವುದಕ್ಕೆ ಯಾವ ಕಾರಣವೂ ಇಲ್ಲ.

ವಸ್ತುಗಳ ಗುಣಮಟ್ಟ ಎಂಬ ಆಯ್ಕೆಯ ಬಳಿ ನಿಧಾನವಾಗಿ ನಿಲ್ಲಬೇಕು, ಏಕೆಂದರೆ ಅಲ್ಲಿ ನೋಟ ಮತ್ತು ಆಟ ಬೇರ್ಪಡಿಸಲಾಗದಂತೆ ಹೆಣೆದುಕೊಂಡಿವೆ. ಕ್ರೈಸಿಸ್‌ನ ಕಥೆ ನಡೆಯುವುದು ಲಿಂಗ್‌ಶಾನ್ ಎಂಬ ಕಾಲ್ಪನಿಕ ದ್ವೀಪಗಳ ದಟ್ಟ ಕಾಡಿನಲ್ಲಿ. ನೋಮಾಡ್ ಎಂಬ ಸೈನಿಕ ತೊಟ್ಟ ನ್ಯಾನೊಸೂಟ್ ಅವನಿಗೆ ಬಲ, ವೇಗ, ರಕ್ಷಾಕವಚ ಮತ್ತು ಅದೃಶ್ಯತೆಯನ್ನು ಒದಗಿಸುತ್ತದೆ. ಆದರೆ ಅದೃಶ್ಯತೆಗೆ ಬೇಕಾದ ಶಕ್ತಿ ಬೇಗ ಬರಿದಾಗುವುದರಿಂದ, ಒಂದು ಪೊದೆಯಿಂದ ಇನ್ನೊಂದು ಪೊದೆಗೆ, ಒಂದು ಬಂಡೆಯ ಮರೆಯಿಂದ ಇನ್ನೊಂದರ ಮರೆಗೆ ಸಾಗುವ ದಾರಿಯನ್ನು ಆಟಗಾರ ದೂರದಿಂದಲೇ ಓದಿಕೊಳ್ಳಬೇಕು. ಬೈನಾಕ್ಯುಲರ್ ಹಿಡಿದು ಶತ್ರುಗಳ ಠಾಣೆಯನ್ನು ನೋಡಿ, ಎಲ್ಲಿಂದ ನುಗ್ಗಬೇಕು, ಎಲ್ಲಿಗೆ ಹಿಮ್ಮೆಟ್ಟಬೇಕು ಎಂದು ಯೋಜಿಸುವುದೇ ಈ ಗೇಮಿನ ಜೀವಾಳ. ವಸ್ತುಗಳ ಗುಣಮಟ್ಟವನ್ನು ಲೋಗೆ ಇಳಿಸಿದಾಗ ದೂರದ ಗಿಡಗಂಟಿಗಳು ಚಿತ್ರದಿಂದ ಮಾಯವಾಗಿ, ಹತ್ತಿರ ಹೋದಂತೆಲ್ಲ ನೆಲದಿಂದ ದಿಢೀರನೆ ಎದ್ದುಬರುತ್ತವೆ. ಬಯಲು ಎಂದು ಕಂಡ ಜಾಗ ಪೊದೆಗಳಿಂದ ತುಂಬಿರುತ್ತದೆ, ಮರೆಯೇ ಇಲ್ಲವೆಂದು ಕೈಬಿಟ್ಟ ದಾರಿ ಅತ್ಯಂತ ಸುರಕ್ಷಿತ ದಾರಿಯಾಗಿರುತ್ತದೆ. ಹೀಗೆ ಕಳೆದುಹೋಗುವುದು ಅಲಂಕಾರವಲ್ಲ, ಆಟಗಾರ ನಿರ್ಧಾರ ಕೈಗೊಳ್ಳಲು ಬೇಕಾದ ಮಾಹಿತಿ. ಭೌತಿಕ ಚಲನೆಯ ಗುಣಮಟ್ಟಕ್ಕೂ ಇದೇ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆ. ಗುಂಡೇಟಿಗೆ ತಾಳೆಮರ ಮುರಿದು ಬೀಳುವ, ತಗಡಿನ ಗುಡಿಸಲು ಸಿಡಿದು ಚೂರಾಗುವ ಲೋಕದಲ್ಲಿ ಆ ಚಲನೆಗಳು ತಂತ್ರೋಪಾಯದ ಭಾಗವೇ ಆಗಿವೆ. ನೀರು, ಕಣಗಳು ಮತ್ತು ಮಂಜನ್ನು ಒಂದು ಮಟ್ಟ ಇಳಿಸಿಕೊಂಡರೆ ಆಟಕ್ಕೆ ಅಂಥ ಹಾನಿಯೇನೂ ಆಗದು.

ಎಲೆಗಳ ಅಂಚಿನ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಚಿತ್ರದಲ್ಲಿ ಓರೆಯಾದ ಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದನ್ನು ನಯಗೊಳಿಸುವ ಕ್ರಿಯೆಗೆ ಆಂಟಿ-ಅಲಿಯಾಸಿಂಗ್ ಎಂದು ಹೆಸರು. ಆ ಕಾಲದಲ್ಲಿ ಪ್ರಚಲಿತವಾಗಿದ್ದ ಎಂಎಸ್‌ಎಎ ಎಂಬ ವಿಧಾನ ಆಕೃತಿಗಳ ಹೊರಗೆರೆಗಳಲ್ಲಿ ಮಾತ್ರ ಹೆಚ್ಚು ಮಾದರಿಗಳನ್ನು ತೆಗೆದುಕೊಂಡು ಅವುಗಳ ಸರಾಸರಿಯನ್ನು ಬಳಸುತ್ತದೆ. ಆದರೆ ಕ್ರೈಸಿಸ್‌ನ ಎಲೆಗಳು ಆಕೃತಿಗಳಲ್ಲ. ಒಂದು ಚಪ್ಪಟೆ ಹಾಳೆಯ ಮೇಲೆ ಎಲೆಯ ಚಿತ್ರವನ್ನು ಹೊದಿಸಿ, ಎಲೆ ಇಲ್ಲದ ಕಡೆ ಬಿಂದುಗಳನ್ನು ಕೈಬಿಡುವುದರಿಂದ ಎಲೆಯ ಅಂಚು ಹುಟ್ಟುತ್ತದೆ. ಆ ಅಂಚು ಎಂಎಸ್‌ಎಎ ಕಣ್ಣಿಗೆ ಬೀಳುವುದೇ ಇಲ್ಲ. ಪರಿಣಾಮವಾಗಿ, ನಾಲ್ಕು ಪಟ್ಟು ಎಂಎಸ್‌ಎಎ ಹಾಕಿ ಕಾರ್ಡನ್ನು ಬಳಲಿಸಿದ ಆಟಗಾರನಿಗೆ ಬಂದೂಕಿನ ನಳಿಕೆ ನಯವಾಗಿ ಕಂಡರೂ ಕಾಡು ಮಿಣುಮಿಣುಗುತ್ತಲೇ ಇರುತ್ತದೆ. ಗೇಮಿನ ಎಂಜಿನ್ನಿನೊಳಗೆ ಸಸ್ಯಗಳ ಅಂಚನ್ನು ಹಗುರವಾಗಿ ಮಸುಕುಗೊಳಿಸುವ ಎಡ್ಜ್ ಎಎ ಎಂಬ ಪ್ರತ್ಯೇಕ ಏರ್ಪಾಡು ಇದ್ದು, ಅದು ಕೆಲಸ ಮಾಡುವುದು ಎಂಎಸ್‌ಎಎ ಆಫ್ ಆಗಿರುವಾಗ. ಅಂದರೆ ಇಲ್ಲಿ ದುಬಾರಿ ಆಯ್ಕೆಯನ್ನು ಬಿಟ್ಟುಕೊಟ್ಟವನಿಗೆ ವೇಗವೂ ಸಿಗುತ್ತದೆ, ಹೆಚ್ಚು ಸೌಮ್ಯವಾದ ಕಾಡೂ ಸಿಗುತ್ತದೆ. ಸೆಟ್ಟಿಂಗ್ಸ್ ಪುಟ ಇದನ್ನು ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು.

ಮೋಷನ್ ಬ್ಲರ್, ಅಂದರೆ ಚಲನೆಯ ದಿಕ್ಕಿನಲ್ಲಿ ಚಿತ್ರವನ್ನು ಮಸುಕುಗೊಳಿಸುವ ಕ್ರಿಯೆ, ಹಳೆಯ ಯಂತ್ರದವರು ಮೊದಲು ತೆಗೆದುಹಾಕುವ ವಸ್ತು. ಸೆಕೆಂಡಿಗೆ 60 ಚಿತ್ರಗಳು ಬರುವ ಯಂತ್ರದಲ್ಲಿ ಅದನ್ನು ತೆಗೆದರೆ ತಕರಾರಿಲ್ಲ. ಆದರೆ ಸೆಕೆಂಡಿಗೆ 25–30 ಚಿತ್ರಗಳಷ್ಟೇ ಬರುವಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವಿನ ಅಂತರವನ್ನು ಕಣ್ಣಿಗೆ ಮುಚ್ಚುವುದು ಈ ಮಸುಕೇ. ಅದನ್ನು ತೆಗೆದು ಎರಡೋ ಮೂರೋ ಚಿತ್ರಗಳನ್ನು ಗಳಿಸಿದ ಆಟಗಾರನಿಗೆ ಗೇಮ್ ಮೊದಲಿಗಿಂತ ಹೆಚ್ಚು ಕುಂಟುತ್ತಿರುವಂತೆ ತೋರಿದರೆ ಅಚ್ಚರಿಪಡಬೇಕಿಲ್ಲ. ಅಳತೆ ಮತ್ತು ಅನುಭವ ಬೇರೆಬೇರೆ ದಾರಿ ಹಿಡಿಯುವ ಇಂಥ ಕಡೆ ಅನುಭವದ ಮಾತನ್ನೇ ನಂಬಬೇಕು.

ಇಷ್ಟೆಲ್ಲ ಹೊಂದಿಸಿದರೂ ಕೆಲವು ಯಂತ್ರಗಳಲ್ಲಿ ಗೇಮ್ ಮಿಸುಕಾಡುವುದಿಲ್ಲ, ಮತ್ತು ಇದರ ಹೊಣೆಯನ್ನು ಕೃತಿಯ ಮೇಲೆಯೇ ಹೊರಿಸಬೇಕು. ಪರದೆಯ ಮೇಲಿನ ಪ್ರತಿ ವಸ್ತುವನ್ನು ಬರೆಯಲು ಪ್ರೊಸೆಸರ್ ಗ್ರಾಫಿಕ್ಸ್ ಕಾರ್ಡಿಗೆ ಒಂದು ಆಜ್ಞೆ ಕೊಡಬೇಕು. ಇದಕ್ಕೆ ಡ್ರಾ ಕಾಲ್ ಎನ್ನುತ್ತಾರೆ. ಸಾವಿರಾರು ಮರಗಿಡಗಳಿರುವ ದ್ವೀಪದಲ್ಲಿ ಈ ಆಜ್ಞೆಗಳೂ ಸಾವಿರಾರು. ನೆರಳುಗಳಿಗಾಗಿ ಸೂರ್ಯನ ದಿಕ್ಕಿನಿಂದ ಅದೇ ದೃಶ್ಯವನ್ನು ಮತ್ತೊಮ್ಮೆ ಬರೆಯಬೇಕಾದ್ದರಿಂದ ಅವು ಇನ್ನೂ ಹೆಚ್ಚುತ್ತವೆ. ಗೇಮಿನ ಎಂಜಿನ್ ಆದ ಕ್ರೈಎಂಜಿನ್ 2 ಈ ಕೆಲಸದ ಬಹುಪಾಲನ್ನು ಪ್ರೊಸೆಸರಿನ ಒಂದೇ ಕೋರ್‌ನ ಹೆಗಲಿಗೆ ಹಾಕುತ್ತದೆ. ಒಂದು ಕೋರ್‌ನ ವೇಗ ಮುಂದೆಯೂ ವರ್ಷದಿಂದ ವರ್ಷಕ್ಕೆ ಏರುತ್ತದೆ ಎಂಬ ನಂಬಿಕೆ ಗೇಮ್ ಬರುವುದಕ್ಕೂ ಕೆಲವು ವರ್ಷಗಳ ಹಿಂದೆ ಸಹಜವಾಗಿತ್ತು. ಆದರೆ 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ಅನ್ನು ಇಂಟೆಲ್ 2004ರಲ್ಲಿಯೇ ಕೈಬಿಟ್ಟು, 2006ರ ಹೊತ್ತಿಗೆ ಕೋರ್ 2 ಡ್ಯುಯೊ ಮೂಲಕ ಒಂದಕ್ಕಿಂತ ಹೆಚ್ಚು ಕೋರ್‌ಗಳ ದಾರಿ ಹಿಡಿದಿತ್ತು. ಬಿಡುಗಡೆಯ ವೇಳೆಗೆ ಮಾರುಕಟ್ಟೆಯಲ್ಲಿ ನಾಲ್ಕು ಕೋರ್‌ಗಳ ಪ್ರೊಸೆಸರ್‌ಗಳೂ ಇದ್ದವು. ಭವಿಷ್ಯದ ಯಂತ್ರಗಳಿಗಾಗಿ ಕಟ್ಟಿದ ಕೃತಿ ಭವಿಷ್ಯದ ಒಂದು ಮುಖ್ಯ ತಿರುವನ್ನೇ ಗ್ರಹಿಸದೆ ಹೋಯಿತು.

ಹೊರೆ ಎಲ್ಲಿ ಬಿದ್ದಿದೆ ಎಂದು ತಿಳಿಯಲು ಸರಳ ಪರೀಕ್ಷೆಯೊಂದಿದೆ. ರೆಸಲ್ಯೂಷನ್, ಅಂದರೆ ಪರದೆಯ ಬಿಂದುಗಳ ಎಣಿಕೆಯನ್ನು 1920×1080ರಿಂದ 1280×720ಕ್ಕೆ ಇಳಿಸಿದರೆ ಕಾರ್ಡ್ ತುಂಬಬೇಕಾದ ಬಿಂದುಗಳು ಅರ್ಧಕ್ಕಿಂತ ಕಡಿಮೆಯಾಗುತ್ತವೆ. ಆಗ ಫ್ರೇಮ್ ದರ ಜಿಗಿದರೆ ಅಡ್ಡಿ ಇದ್ದದ್ದು ಕಾರ್ಡಿನಲ್ಲಿ, ಶೇಡರ್ ಅಥವಾ ಪೋಸ್ಟ್-ಪ್ರೊಸೆಸಿಂಗ್ ಇಳಿಸುವುದು ಸಾರ್ಥಕ. ಅಂಕಿ ಕದಲದೇ ಇದ್ದರೆ ಅಡ್ಡಿ ಪ್ರೊಸೆಸರಿನಲ್ಲಿ, ಶೇಡರ್ ಇಳಿಸಿ ಚಿತ್ರ ಕೆಡಿಸಿಕೊಂಡದ್ದು ವ್ಯರ್ಥ. ಅಂಥಲ್ಲಿ ನೆರಳನ್ನು ಹೈನಿಂದ ಮೀಡಿಯಂಗೆ ತರುವುದು ಅತ್ಯಂತ ಕಡಿಮೆ ನೋವಿನ ಉಪಾಯ. ಲೋಗೆ ಇಳಿಸಿ ಕಾಡಿನ ನೆರಳನ್ನೆಲ್ಲ ಅಳಿಸಿಹಾಕಿದರೆ ಮರಗಳು ನೆಲಕ್ಕೆ ಅಂಟದೆ ತೇಲುವಂತೆ ಕಾಣುತ್ತವೆ. ಮೀಡಿಯಂ ಆ ಅಪಾಯಕ್ಕೆ ಎಡೆಕೊಡದು.

ಅಳೆಯುವ ಸಾಧನದ ಬಗ್ಗೆಯೂ ಒಂದು ಆಕ್ಷೇಪವಿದೆ. ಗೇಮಿನ ಜೊತೆಗೇ ಬರುವ ಗ್ರಾಫಿಕ್ಸ್ ಬೆಂಚ್‌ಮಾರ್ಕ್ ದ್ವೀಪದ ಕಡಲತೀರದ ಮೇಲೆ ಹಾರಿಹೋಗುವ ಒಂದು ಸ್ಥಿರ ಪಯಣ. ಅದನ್ನೇ ನಂಬಿ ಸೆಟ್ಟಿಂಗ್ಸ್ ಗೊತ್ತುಮಾಡಿಕೊಂಡ ಆಟಗಾರ ಮೊದಲ ಕೆಲವು ಅಧ್ಯಾಯಗಳನ್ನು ಸುಖವಾಗಿ ದಾಟಿ, ಕೊನೆಯ ಹಂತಗಳಲ್ಲಿ, ವಿಶೇಷವಾಗಿ ವಿಮಾನ ನಡೆಸಬೇಕಾದ ‘ಅಸೆನ್ಶನ್’ ಅಧ್ಯಾಯದಲ್ಲಿ, ಸಂಕಟಕ್ಕೆ ಸಿಲುಕುತ್ತಾನೆ. ಅತಿ ಭಾರವಾದ ಗಳಿಗೆಗೆ ಒಂದಿಷ್ಟು ಮೀಸಲು ಇಟ್ಟುಕೊಂಡು ಹೊಂದಿಸುವುದೇ ಸರಿಯಾದ ಕ್ರಮ.

ವೆರಿ ಹೈ ಮಟ್ಟವನ್ನು ಡೈರೆಕ್ಟ್‌ಎಕ್ಸ್ 10 ಎಂಬ ಗ್ರಾಫಿಕ್ಸ್ ತಂತ್ರಾಂಶ ಮತ್ತು ವಿಂಡೋಸ್ ವಿಸ್ಟಾ ಇದ್ದವರಿಗೆ ಮಾತ್ರ ತೆರೆದಿಟ್ಟದ್ದು ಈ ಕೃತಿಯ ಅತಿ ದುರ್ಬಲ ನಡೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಆ ಆಯ್ಕೆ ಮುಚ್ಚಿರುತ್ತಿತ್ತು. ಆದರೆ ಗೇಮಿನ ಪ್ರತಿಯೊಂದು ಗುಣಮಟ್ಟವೂ ಸಾದಾ ಪಠ್ಯ ಕಡತಗಳಲ್ಲಿ ಅಂಕಿಗಳಾಗಿ ಬರೆದಿಟ್ಟದ್ದಾಗಿತ್ತು. ಆಟಗಾರರು ಅವುಗಳನ್ನು ತೆರೆದು ತಿದ್ದಿ, ಆ ಪರಿಣಾಮಗಳಲ್ಲಿ ಹೆಚ್ಚಿನವು ಡೈರೆಕ್ಟ್‌ಎಕ್ಸ್ 9ರಲ್ಲಿಯೂ ಚೆನ್ನಾಗಿಯೇ ಬರುತ್ತವೆಂದು ತೋರಿಸಿಕೊಟ್ಟರು. ತಾಂತ್ರಿಕ ಅನಿವಾರ್ಯತೆ ಎಂದು ಬಿಂಬಿಸಿದ್ದು ಬಹುಮಟ್ಟಿಗೆ ಹಾಕಿದ ಬೀಗವಾಗಿತ್ತು. ಅದೇ ವೇಳೆ, ಆ ಕಡತಗಳನ್ನು ಯಾರೂ ಓದಿ ತಿದ್ದಬಹುದಾದಂತೆ ತೆರೆದಿಟ್ಟ ಶ್ರೇಯಸ್ಸೂ ಕ್ರೈಟೆಕ್‌ನದೇ. ಸೆಟ್ಟಿಂಗ್ಸ್ ಪುಟದಲ್ಲಿ ಒಂದೇ ಗುಂಡಿಗೆ ಕಟ್ಟಿಹಾಕಿದ ಹತ್ತಾರು ಸಂಗತಿಗಳನ್ನು ಇಲ್ಲಿ ಬಿಡಿಬಿಡಿಯಾಗಿ ಹೊಂದಿಸಬಹುದು: ದೂರದ ಗಿಡಗಳನ್ನು ಉಳಿಸಿಕೊಂಡು ಅವುಗಳ ನೆರಳನ್ನಷ್ಟೇ ಕೈಬಿಡಬಹುದು, ಸೂರ್ಯಕಿರಣಗಳನ್ನು ಇಟ್ಟುಕೊಂಡು ದೂರದ ಮಸುಕನ್ನು ತೆಗೆಯಬಹುದು. ಹಳೆಯ ಯಂತ್ರದಲ್ಲಿ ಈ ಗೇಮಿನ ಅತ್ಯುತ್ತಮ ರೂಪ ಹೊರಬಂದದ್ದು ಈ ಕಡತಗಳಿಂದಲೇ ಹೊರತು ಲೋ, ಮೀಡಿಯಂ ಎಂಬ ಸಿದ್ಧ ಅಚ್ಚುಗಳಿಂದಲ್ಲ.

2008ರಲ್ಲಿ ಕ್ರೈಟೆಕ್‌ನ ಬುಡಾಪೆಸ್ಟ್ ಶಾಖೆ ರೂಪಿಸಿದ ‘ಕ್ರೈಸಿಸ್ ವಾರ್‌ಹೆಡ್’ ಅದೇ ಕಾಡನ್ನು ಹೆಚ್ಚು ಮಿತವ್ಯಯದಿಂದ ಚಿತ್ರಿಸಿತು. 2011ರ ಕನ್ಸೋಲ್ ಆವೃತ್ತಿ ‘ಅಸೆನ್ಶನ್’ ಅಧ್ಯಾಯವನ್ನೇ ಬಿಟ್ಟುಬಿಟ್ಟಿತು. 2020ರ ‘ಕ್ರೈಸಿಸ್ ರಿಮಾಸ್ಟರ್ಡ್’ ಆ ಆವೃತ್ತಿಯನ್ನು ಆಧರಿಸಿದ್ದರಿಂದ ಬಿಡುಗಡೆಯ ಹೊತ್ತಿಗೆ ಅದರಲ್ಲಿಯೂ ಆ ಅಧ್ಯಾಯ ಇರಲಿಲ್ಲ, ಆನಂತರ ಅಪ್‌ಡೇಟ್ ಮೂಲಕ ಸೇರಿಸಲಾಯಿತು. ಒಂದೇ ಕೋರ್‌ನ ಮೇಲೆ ಬೀಳುವ ಹೊರೆಯ ತೊಂದರೆ ಆ ಹೊಸ ಆವೃತ್ತಿಯನ್ನೂ ಬಿಡಲಿಲ್ಲ. ಆದ್ದರಿಂದ ಇಂದು ಹದಿನೈದು ವರ್ಷ ಹಳೆಯ ಡೆಸ್ಕ್‌ಟಾಪ್‌ನಲ್ಲಿಯೋ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿಯೋ ಈ ಕೃತಿಯನ್ನು ಆಡಬಯಸುವವರಿಗೆ 2007ರ ಮೂಲ ಆವೃತ್ತಿಯೇ ಉತ್ತಮ ಆಯ್ಕೆ: ವಸ್ತುಗಳು ಮತ್ತು ಭೌತಿಕ ಚಲನೆ ಹೈನಲ್ಲಿ, ನೆರಳು ಮೀಡಿಯಂನಲ್ಲಿ, ಎಂಎಸ್‌ಎಎ ಆಫ್ ಆಗಿ, ಶೇಡರ್ ಯಂತ್ರ ತಡೆದಷ್ಟು ಮೇಲೆ, ಮತ್ತು ಇದ್ಯಾವುದೂ ಸಾಲದಾದಾಗ ಎಲೆಗಳಿಗಿಂತ ಮೊದಲು ರೆಸಲ್ಯೂಷನ್ ಕೆಳಗೆ.