ಹಗ್ಗದ ಆ ತುದಿ

ಬೆಂಗಳೂರಿನ ವಿಜಯನಗರದ ಓದುಗರೊಬ್ಬರು ಹೊಸ ಮನೆಯ ಹಜಾರಕ್ಕೆ ಬ್ರಿಟಿಷರ ಕಾಲದಂಥ ತೂಗುಪಂಖ ಹಾಕಿಸುತ್ತಾರಂತೆ, ಮೋಟರ್ ಇಟ್ಟು. ಬಟ್ಟೆ ಯಾವುದಿರಲಿ ಎಂದು ಕೇಳಿದ್ದಾರೆ.

ಬಟ್ಟೆ ಆಮೇಲೆ. ಮೊದಲು ನೆರಿಗೆ ನೋಡಿ ಸ್ವಾಮಿ. ಬಟ್ಟೆ ಬಿಗಿದ ಮರದ ಚೌಕಟ್ಟು ಒಂದು ಕಡೆ ಹೋಗಿ ತಿರುಗುವಾಗ ಕೆಳಗಂಚಿನ ನೆರಿಗೆ ಅರೆಗಳಿಗೆ ಹಿಂದುಳಿದು ಪಟ್ಟನೆ ಹೊರಳುತ್ತದೆ. ಮುಖಕ್ಕೆ ತಾಕುವ ಗಾಳಿ ಅದೇ. ಹಗ್ಗ ಎಳೆಯುವುದು ಒಂದೇ ಕಡೆಗೆ. ಚೌಕಟ್ಟು ವಾಪಸು ಬರುವುದು ತನ್ನ ಭಾರದಿಂದ. ಒಳಾಂಗಣ ವಿನ್ಯಾಸಕರು ರೆಸಾರ್ಟುಗಳಲ್ಲಿ ಸಾಲಾಗಿ ತೂಗಿಬಿಡುವ ಹಗುರ ಚಾಪೆಗಳು ಬರೀ ಅಲಂಕಾರ. ಅವನ್ನು ಪಂಖ ಎನ್ನಲು ನಾನು ಎಂದೂ ಒಪ್ಪಿಲ್ಲ.

ಆ ವಿನ್ಯಾಸಕರು ಬಿಟ್ಟಿರುವುದು ಇನ್ನೂ ದೊಡ್ಡದು. ಆ ಹಗ್ಗ ರಾಟೆಯ ಮೇಲೆ ಹಾದು, ಗೋಡೆಯ ಕಂಡಿಯಲ್ಲಿ ತೂರಿ ಜಗಲಿಗೆ ಹೋಗುತ್ತಿತ್ತು. ಅಲ್ಲೊಬ್ಬ ಆಳು. ಕೈ ಸೋತರೆ ಕಾಲಿಗೆ ಕಟ್ಟಿಕೊಂಡು ಎಳೆಯುತ್ತಿದ್ದ. ಒಳಗಿನ ತಂಪು ಅವನಿಗಿಲ್ಲ. ತೂಕಡಿಸಿದರೆ ಒದೆ. ಒದೆ ತಿಂದು ಸತ್ತವರೂ ಉಂಟು. ಸತ್ತವನ ಗುಲ್ಮ ಮೊದಲೇ ಊದಿತ್ತೆಂಬ ವಾದದಿಂದ ಹೊಡೆದ ದೊರೆಗಳು ಅಲ್ಪ ಶಿಕ್ಷೆಯಲ್ಲಿ ಪಾರಾಗುತ್ತಿದ್ದರು.

ಇ.ಎಂ. ಫಾರ್ಸ್ಟರ್ 1924ರ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯಲ್ಲಿ ಈ ಆಳನ್ನು ಕೋರ್ಟಿನೊಳಗೇ ಕೂರಿಸಿದ. ಮೊಕದ್ದಮೆಗೆಂದು ಒಳಗೆ ಬಂದ ದೂರುದಾರಳು, ಇಂಗ್ಲಿಷ್ ಯುವತಿ ಅಡೆಲಾಳ ಕಣ್ಣಿಗೆ ಮೊದಲು ಬೀಳುವವನೇ ಅವನು. ಮೊಕದ್ದಮೆ ಮುರಿದುಬಿದ್ದು ಜನವೆಲ್ಲ ಹೊರಗೆ ನುಗ್ಗಿದರೂ, ಏನು ನಡೆಯಿತೆಂಬುದೇ ತಿಳಿಯದೆ ಖಾಲಿ ಕೋಣೆಗೆ ಗಾಳಿ ಹಾಕುತ್ತಲೇ ಇರುತ್ತಾನೆ. ಬ್ರಿಟಿಷರ ಆಳ್ವಿಕೆಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ತೋರಿಸಿಲ್ಲವೆಂದೇ ನನ್ನ ಅಭಿಪ್ರಾಯ. ಪಂಖಾ ಎಂಬ ಹಿಂದಿ ಮಾತು ಇಂಗ್ಲಿಷ್ ನಿಘಂಟು ಸೇರಿತು. ಎಳೆದವರ ಹೆಸರು ಎಲ್ಲೂ ಸೇರಲಿಲ್ಲ.

ಹಗ್ಗವನ್ನು ಬಿಡಿಸಿದ್ದು ಕರೆಂಟು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಬಂತು. ಮೂರು ಸಾವಿರ ಅಡಿ ಎತ್ತರದ ಈ ಊರಿಗೆ ಬಳ್ಳಾರಿ, ಮದರಾಸುಗಳಷ್ಟು ಪಂಖದ ಹಂಗೂ ಇರಲಿಲ್ಲ. ಎತ್ತರದ ಸೂರು, ಗವಾಕ್ಷಿ ಇದ್ದರೆ ಸಾಕಿತ್ತು.

ಹಾಗಾಗಿ ಓದುಗ ಮಿತ್ರರೇ, ಮೂವತ್ತು-ನಲವತ್ತರ ಸೈಟಿನ ಹತ್ತಡಿ ಸೂರಿಗೆ ತೂಗುಪಂಖ ಬೇಡ, ತಲೆಗೆ ಬಡಿಯುತ್ತದೆ. ಆ ದುಡ್ಡಲ್ಲಿ ಎದುರುಬದುರು ಎರಡು ಗವಾಕ್ಷಿ ಇಡಿಸಿ. ಹಾಕಿಸಲೇಬೇಕೆಂದರೆ ಗೋಡೆಯಲ್ಲಿ ಹಗ್ಗದ ಕಂಡಿಯನ್ನೂ ಬಿಡಿಸಿ. ನೋಡಲು ಬಂದವರಿಗೆ ಆಚೆ ಯಾರು ಕೂತಿರುತ್ತಿದ್ದರೆಂದು ಹೇಳಿ.